ಶುಗರ್ ಇರುವವರ ಬಾಯಿಯ ಆರೈಕೆ: ವಸಡಿನಿಂದ ಶುರುಮಾಡಿ

ಬ್ರಷ್ ಮಾಡುವಾಗ ಉಗುಳಿನಲ್ಲಿ ರಕ್ತ ಕಂಡ ಕೂಡಲೇ ಹೆಚ್ಚಿನವರು ಆ ಜಾಗಕ್ಕೆ ಬ್ರಷ್ ತಾಗಿಸುವುದನ್ನೇ ಬಿಟ್ಟುಬಿಡುತ್ತಾರೆ. ಅಲ್ಲಿಗೆ ತೊಂದರೆ ಮುಗಿಯುವುದಿಲ್ಲ, ಬೆಳೆಯುತ್ತದೆ. ಹಲ್ಲು ಮತ್ತು ವಸಡು ಸೇರುವ ಅಂಚಿನಲ್ಲಿ ಪಾಚಿ ಕೂತು ವಸಡು ಊದಿಕೊಂಡಿರುತ್ತದೆ. ಊದಿದ ವಸಡನ್ನು ಏನು ತಾಗಿದರೂ ರಕ್ತ ಬರುತ್ತದೆ. ಆ ಪಾಚಿಯನ್ನು ತೆಗೆಯದ ಹೊರತು ಊತ ಇಳಿಯಲು ಬೇರೆ ದಾರಿ ಇಲ್ಲ. ರಕ್ತ ಬರುವ ಜಾಗವನ್ನೇ ಮೆತ್ತನೆಯ ಬ್ರಷ್‌ನಿಂದ, ಸರಿಯಾದ ಕೋನದಲ್ಲಿ, ದಿನಾ ಸ್ವಚ್ಛ ಮಾಡಬೇಕು. ಬರೀ ವಸಡಿನ ಊತವಾಗಿದ್ದರೆ ಒಂದೆರಡು ವಾರದಲ್ಲಿ ರಕ್ತ ನಿಲ್ಲುತ್ತದೆ. ಎರಡು ವಾರ ಕಳೆದರೂ ನಿಲ್ಲದಿದ್ದರೆ ಪಾಚಿ ಗಟ್ಟಿಯಾಗಿದೆ ಅಥವಾ ವಸಡಿನ ಒಳಗೆ ಇಳಿದಿದೆ ಎಂದರ್ಥ. ಆಗ ಮನೆಯ ಆರೈಕೆಯೊಂದೇ ಸಾಲದು, ದಂತವೈದ್ಯರ ಹತ್ತಿರ ಹೋಗಲೇಬೇಕು.

ಇದು ಎಲ್ಲರಿಗೂ ಅನ್ವಯಿಸುವ ಮಾತು. ಆದರೆ ಸಕ್ಕರೆ ಕಾಯಿಲೆ ಇರುವವರಿಗೆ ಇದರ ತೂಕ ಬೇರೆ. ಶುಗರ್ ಬಂತೆಂದರೆ ಕಣ್ಣಿನ ಪರೀಕ್ಷೆ, ಕಾಲಿನ ಪರೀಕ್ಷೆ, ಕಿಡ್ನಿಯ ಪರೀಕ್ಷೆ ಎಲ್ಲ ನಡೆಯುತ್ತದೆ. ಬಾಯಿ ತೆರೆಸಿ ನೋಡುವವರು ಕಡಿಮೆ. ಹಾಗಾಗಿ ಈ ಬರಹ ಶುಗರ್ ಇರುವವರಿಗೆ ಮತ್ತು ಅವರನ್ನು ನೋಡಿಕೊಳ್ಳುವ ಮನೆಯವರಿಗೆ.

ವಸಡಿಗೂ ಶುಗರ್‌ಗೂ ಏನು ಸಂಬಂಧ

ಹಲ್ಲಿನ ಮೇಲೆ ಪ್ರತಿದಿನ ಕೂರುವ ಮೆತ್ತನೆಯ ಬಿಳಿ ಪದರವೇ ಪಾಚಿ. ಅದು ಬಹುಪಾಲು ಬ್ಯಾಕ್ಟೀರಿಯಾ. ಉಜ್ಜದೆ ಬಿಟ್ಟರೆ ಜೊಲ್ಲಿನಲ್ಲಿರುವ ಕ್ಯಾಲ್ಸಿಯಂ ಸೇರಿಕೊಂಡು ಕೆಲವೇ ದಿನಗಳಲ್ಲಿ ಗಟ್ಟಿಯಾಗತೊಡಗುತ್ತದೆ, ಕಿಟ್ಟವಾಗುತ್ತದೆ. ಕಿಟ್ಟ ಬ್ರಷ್‌ಗೆ ಬಗ್ಗುವುದಿಲ್ಲ. ಅದರ ಒರಟು ಮೈ ಮೇಲೆ ಹೊಸ ಪಾಚಿ ಇನ್ನೂ ಸುಲಭವಾಗಿ ಕೂರುತ್ತದೆ. ಆರೋಗ್ಯವಂತ ವಸಡು ಮತ್ತು ಹಲ್ಲಿನ ನಡುವೆ 1ರಿಂದ 3 ಮಿ.ಮೀ. ಆಳದ ಸಂದು ಇರುತ್ತದೆ. ಕಾಯಿಲೆ ಮುಂದುವರಿದರೆ ಆ ಸಂದು 4, 5, 6 ಮಿ.ಮೀ. ಆಳವಾಗಿ ಜೇಬಿನಂತಾಗುತ್ತದೆ. ಕೆಳಗೆ ಹಲ್ಲನ್ನು ಹಿಡಿದಿಟ್ಟ ಮೂಳೆ ನಿಧಾನಕ್ಕೆ ಸವೆಯುತ್ತದೆ. ಇಷ್ಟೆಲ್ಲ ಆದರೂ ನೋವು ಇರುವುದಿಲ್ಲ. ಹುಳುಕು ಹಲ್ಲು ನೋವು ಕೊಟ್ಟು ಎಚ್ಚರಿಸುತ್ತದೆ, ವಸಡಿನ ಕಾಯಿಲೆ ಹಲ್ಲು ಅಲ್ಲಾಡುವವರೆಗೂ ಸುಮ್ಮನಿರುತ್ತದೆ.

ಶುಗರ್ ಹತೋಟಿಯಲ್ಲಿ ಇಲ್ಲದವರಿಗೆ ಈ ಕಾಯಿಲೆ ಬರುವ ಅಪಾಯ ಉಳಿದವರಿಗಿಂತ ಸುಮಾರು ಮೂರು ಪಟ್ಟು. ರಕ್ತದಲ್ಲಿ ಸಕ್ಕರೆ ಹೆಚ್ಚಿದಾಗ ವಸಡಿನ ಸಣ್ಣ ರಕ್ತನಾಳಗಳು ಕೆಡುತ್ತವೆ, ಸೋಂಕಿನೊಡನೆ ಹೋರಾಡುವ ಬಿಳಿ ರಕ್ತಕಣಗಳ ಕೆಲಸ ಹದ ತಪ್ಪುತ್ತದೆ, ಗಾಯ ತಡವಾಗಿ ಮಾಯುತ್ತದೆ. ಜೊಲ್ಲು ಕಡಿಮೆಯಾಗಿ ಬಾಯಿ ಒಣಗುತ್ತದೆ.

ಇನ್ನೊಂದು ದಿಕ್ಕಿನಿಂದಲೂ ಪೆಟ್ಟು ಬೀಳುತ್ತದೆ. ವಸಡಿನ ಜೇಬುಗಳ ಒಳಮೈ ಸದಾ ಹಸಿ ಗಾಯವಾಗಿಯೇ ಇರುತ್ತದೆ. ಅಲ್ಲಿಂದ ಉರಿಯೂತದ ರಾಸಾಯನಿಕಗಳು ರಕ್ತಕ್ಕೆ ಸೇರಿ ಇನ್ಸುಲಿನ್ನಿನ ಕೆಲಸಕ್ಕೆ ಅಡ್ಡ ಬರುತ್ತವೆ. ಮಾತ್ರೆ ತಪ್ಪಿಸಿಲ್ಲ, ಪಥ್ಯ ಬಿಟ್ಟಿಲ್ಲ, ಆದರೂ ಶುಗರ್ ಇಳಿಯುತ್ತಿಲ್ಲ ಎನ್ನುವವರು ಒಮ್ಮೆ ವಸಡು ತೋರಿಸಬೇಕು. ವಸಡಿನ ಚಿಕಿತ್ಸೆ ಸರಿಯಾಗಿ ಆದ ಮೂರು ನಾಲ್ಕು ತಿಂಗಳಲ್ಲಿ ಎಚ್‌ಬಿಎ1ಸಿ (ಹಿಂದಿನ ಎರಡು ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ರಕ್ತಪರೀಕ್ಷೆ) ಸರಾಸರಿ 0.4ರಷ್ಟು ಇಳಿಯುತ್ತದೆ ಎಂದು ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ ತಿಳಿದಿದೆ. ಅಂದರೆ 8.2 ಇದ್ದದ್ದು 7.8ರ ಆಸುಪಾಸಿಗೆ ಬರಬಹುದು. ಇದರಿಂದ ಮಾತ್ರೆ ಬಿಡಬಹುದು ಎಂದಲ್ಲ. ಆದರೆ ಇನ್ನೊಂದು ಮಾತ್ರೆ ಸೇರಿಸುವ ಮುನ್ನ ನೋಡಬೇಕಾದಷ್ಟು ದೊಡ್ಡ ಇಳಿತವೇ ಇದು.

ಹೃದಯದ ವಿಷಯದಲ್ಲಿ ಎಚ್ಚರದಿಂದ ಮಾತಾಡಬೇಕು. ವಸಡಿನ ಕಾಯಿಲೆ ಇರುವವರಲ್ಲಿ ಹೃದಯಾಘಾತ, ಪಾರ್ಶ್ವವಾಯು ಹೆಚ್ಚು ಕಾಣಿಸುತ್ತವೆ ಎನ್ನುವುದು ನಿಜ. ಆದರೆ ವಸಡಿನ ಚಿಕಿತ್ಸೆ ಮಾಡಿಸಿದರೆ ಹೃದಯಾಘಾತ ತಪ್ಪುತ್ತದೆ ಎಂದು ಇನ್ನೂ ಸಾಬೀತಾಗಿಲ್ಲ. ಹಾಗೆಂದು ಭರವಸೆ ಕೊಟ್ಟು ದುಬಾರಿ ಚಿಕಿತ್ಸೆ ಹೇಳುವವರನ್ನು ನಂಬಬೇಡಿ. ವಸಡಿನ ಚಿಕಿತ್ಸೆಗೆ ಹಲ್ಲು ಉಳಿಯುವುದು, ಶುಗರ್ ಹತೋಟಿಗೆ ಬರುವುದು, ನೆಮ್ಮದಿಯಾಗಿ ಉಣ್ಣುವುದು, ಇಷ್ಟು ಕಾರಣಗಳೇ ಸಾಕು.

ಮನೆಯಲ್ಲೇ ನೋಡಿಕೊಳ್ಳುವುದು

ತಿಂಗಳಿಗೊಮ್ಮೆ ಕನ್ನಡಿ ಮುಂದೆ ನಿಂತು ಮೊಬೈಲ್ ಟಾರ್ಚ್ ಹಿಡಿದು ನೋಡಿ. ತುಟಿ ಎತ್ತಿ ವಸಡಿನ ಅಂಚು ಗಮನಿಸಿ. ನಮ್ಮಲ್ಲಿ ಅನೇಕರ ವಸಡು ಹುಟ್ಟಿನಿಂದಲೇ ಕಂದು ಅಥವಾ ಕಪ್ಪು. ಅದು ಕಾಯಿಲೆಯಲ್ಲ, ಗುಲಾಬಿ ಬಣ್ಣ ಇಲ್ಲವೆಂದು ಹೆದರಬೇಕಿಲ್ಲ. ನೋಡಬೇಕಾದದ್ದು ಅಂಚಿನ ಆಕಾರ. ಆರೋಗ್ಯವಂತ ವಸಡಿನ ಅಂಚು ಚಾಕುವಿನ ಅಲಗಿನಂತೆ ತೆಳ್ಳಗೆ ಹಲ್ಲಿಗೆ ಅಂಟಿಕೊಂಡಿರುತ್ತದೆ. ಕಾಯಿಲೆ ಇದ್ದರೆ ಅಂಚು ದುಂಡಗಾಗಿ, ಉಬ್ಬಿ, ಹೊಳೆಯುತ್ತಿರುತ್ತದೆ.

ಬೆರಳಿನಿಂದ ವಸಡನ್ನು ಮೆಲ್ಲಗೆ ಒತ್ತಿ. ಹಲ್ಲಿನ ಬುಡದಿಂದ ಕೀವು ಬಂದರೆ ವಾರದೊಳಗೆ ತೋರಿಸಿ. ಹಲ್ಲು ಮೊದಲಿಗಿಂತ ಉದ್ದ ಕಾಣುತ್ತಿದೆಯೇ? ಮುಂದಿನ ಹಲ್ಲುಗಳ ನಡುವೆ ಹೊಸದಾಗಿ ಸಂದು ಬಿದ್ದಿದೆಯೇ? ಒಂದೇ ಜಾಗದಲ್ಲಿ ಪ್ರತಿ ಸಲ ಸೊಪ್ಪಿನ ನಾರು, ಮಾಂಸದ ಎಳೆ ಸಿಕ್ಕಿಕೊಳ್ಳುತ್ತಿದೆಯೇ? ಇವು ಮೂಳೆ ಇಳಿಯುತ್ತಿರುವ ಗುರುತುಗಳು. ಬಾಯಿ ವಾಸನೆಗೆ ಹೊಟ್ಟೆಯನ್ನು ದೂರುವವರೇ ಹೆಚ್ಚು. ಆದರೆ ಬಹುಪಾಲು ವಾಸನೆ ಬರುವುದು ನಾಲಿಗೆಯ ಹಿಂಭಾಗದಿಂದ ಮತ್ತು ವಸಡಿನ ಜೇಬುಗಳಿಂದ.

ಅದೇ ಹೊತ್ತಿನಲ್ಲಿ ಕೆನ್ನೆಯ ಒಳಮೈ, ನಾಲಿಗೆಯ ಎರಡು ಬದಿ, ನಾಲಿಗೆ ಅಡಿ ನೋಡಿಬಿಡಿ. ಬಿಳಿ ಅಥವಾ ಕೆಂಪು ಮಚ್ಚೆ, ಗಟ್ಟಿ ಗಂಟು, ಎರಡು ವಾರವಾದರೂ ಮಾಯದ ಹುಣ್ಣು ಇದ್ದರೆ ಅದು ನೋವಿರಲಿ ಇಲ್ಲದಿರಲಿ ವೈದ್ಯರಿಗೆ ತೋರಿಸಲೇಬೇಕು.

ರಾತ್ರಿಯ ಕೆಲಸ

ದಿನಕ್ಕೆ ಎರಡು ಸಲ ಬ್ರಷ್ ಮಾಡಬೇಕು. ಒಂದೇ ಸಲ ಮನಸ್ಸಿಟ್ಟು ಮಾಡಲು ಆಗುವುದಾದರೆ ಅದು ರಾತ್ರಿಯದ್ದಾಗಿರಲಿ. ನಿದ್ದೆಯಲ್ಲಿ ಜೊಲ್ಲು ಬಹಳ ಕಡಿಮೆ ಸುರಿಯುತ್ತದೆ, ಬಾಯಿಯನ್ನು ತೊಳೆಯುವವರೇ ಇಲ್ಲದಂತಾಗುತ್ತದೆ. ಬೆಳಿಗ್ಗೆ ಹತ್ತು ನಿಮಿಷ ಉಜ್ಜಿ ರಾತ್ರಿ ಬರೀ ಬಾಯಿ ಮುಕ್ಕಳಿಸಿ ಮಲಗುವ ನಮ್ಮ ರೂಢಿ ಬದಲಾಗಬೇಕು.

ಬ್ರಷ್ ಮೇಲೆ ‘ಸಾಫ್ಟ್’ ಎಂದು ಬರೆದಿರಬೇಕು, ತಲೆ ಚಿಕ್ಕದಿರಬೇಕು. ಮೂರು ತಿಂಗಳಿಗೊಮ್ಮೆ, ಅಥವಾ ಎಳೆಗಳು ಹೊರಕ್ಕೆ ಬಾಗಿದ ಕೂಡಲೇ, ಬದಲಿಸಿ. ತಿಂಗಳೊಳಗೇ ಎಳೆ ಬಾಗುತ್ತಿದ್ದರೆ ನೀವು ವಿಪರೀತ ಒತ್ತುತ್ತಿದ್ದೀರಿ. ಪೇಸ್ಟಿನಲ್ಲಿ ಫ್ಲೋರೈಡ್ ಇರಬೇಕು, 1000 ಪಿಪಿಎಂ ಆಸುಪಾಸು. ಟ್ಯೂಬಿನ ಮೇಲೆ ಸಣ್ಣ ಅಕ್ಷರದಲ್ಲಿ ಬರೆದಿರುತ್ತಾರೆ. ದೊಡ್ಡವರಿಗೆ ಬಟಾಣಿ ಕಾಳಿನಷ್ಟು ಸಾಕು. ಪಾವಗಡದಂಥ ಕಡೆ ಕೊಳವೆಬಾವಿಯ ನೀರಿನಲ್ಲೇ ಫ್ಲೋರೈಡ್ ಹೆಚ್ಚು, ಪೇಸ್ಟ್ ಬೇಡ ಎನ್ನುವವರಿದ್ದಾರೆ. ಹಲ್ಲಿನ ಮೇಲೆ ಕಂದು ಕಲೆ ಬೀಳುವುದು ಹಲ್ಲು ದವಡೆಯೊಳಗೆ ಬೆಳೆಯುವ ಎಳವೆಯಲ್ಲಿ, ಆ ನೀರನ್ನು ಕುಡಿದಾಗ. ಬೆಳೆದವರು ಪೇಸ್ಟ್ ಹಚ್ಚಿ ಉಗುಳಿದರೆ ಕಲೆ ಬೀಳುವುದಿಲ್ಲ. ಅಂಥ ಊರುಗಳಲ್ಲಿ ಚಿಕ್ಕ ಮಕ್ಕಳು ಪೇಸ್ಟ್ ನುಂಗದಂತೆ ನೋಡಿಕೊಳ್ಳಬೇಕು, ಅಷ್ಟೇ.

ಇನ್ನು ಉಜ್ಜುವ ಕ್ರಮ.

1. ಬ್ರಷ್ಷನ್ನು ಕಲಂ ಹಿಡಿದಂತೆ ಬೆರಳ ತುದಿಯಲ್ಲಿ ಹಿಡಿಯಿರಿ. ಮುಷ್ಟಿ ಕಟ್ಟಿ ಹಿಡಿದರೆ ಒತ್ತಡ ತಾನಾಗಿ ಹೆಚ್ಚುತ್ತದೆ.

2. ಕೆಳಗಿನ ಮುಂದಿನ ಹಲ್ಲುಗಳ ಹಿಂಬದಿಯಿಂದ, ನಾಲಿಗೆಯ ಕಡೆಯಿಂದ, ಶುರುಮಾಡಿ. ಜೊಲ್ಲಿನ ಗ್ರಂಥಿಗಳ ಬಾಯಿ ತೆರೆಯುವುದು ಅಲ್ಲೇ. ಹಾಗಾಗಿ ಎಲ್ಲಕ್ಕಿಂತ ಮೊದಲು ಕಿಟ್ಟ ಕಟ್ಟುವುದು ಆ ಆರು ಹಲ್ಲುಗಳ ಹಿಂದೆ. ಬ್ರಷ್ಷನ್ನು ನೆಟ್ಟಗೆ ನಿಲ್ಲಿಸಿ, ಅದರ ತುದಿಯ ಎಳೆಗಳಿಂದ ಒಂದೊಂದೇ ಹಲ್ಲಿನ ಬುಡವನ್ನು ಕೆಳಗಿನಿಂದ ಮೇಲಕ್ಕೆ ಎಳೆಯಿರಿ.

3. ಉಳಿದೆಡೆ ಬ್ರಷ್ಷನ್ನು 45 ಡಿಗ್ರಿ ಓರೆಯಾಗಿ ಹಿಡಿಯಿರಿ. ಅರ್ಧ ಎಳೆಗಳು ಹಲ್ಲಿನ ಮೇಲೆ, ಅರ್ಧ ವಸಡಿನ ಅಂಚಿನ ಮೇಲೆ ಇರಬೇಕು. ಜಾಗ ಬಿಟ್ಟು ಕದಲದೆ, ಹತ್ತು ಹದಿನೈದು ಸಲ ಬಹಳ ಚಿಕ್ಕದಾಗಿ ಅಲುಗಿಸಿ. ಎಳೆಗಳ ತುದಿ ವಸಡಿನ ಸಂದಿನೊಳಗೆ ಇಳಿಯಬೇಕು. ಆಮೇಲೆ ಹಲ್ಲಿನ ತುದಿಯ ಕಡೆ ಒಮ್ಮೆ ಗುಡಿಸಿ. ಎರಡು ಹಲ್ಲು ಮುಗಿದ ಮೇಲೆ ಮುಂದಿನ ಎರಡಕ್ಕೆ ಹೋಗಿ.

4. ಮೇಲಿನ ದವಡೆ ಹಲ್ಲುಗಳ ಕೆನ್ನೆಯ ಬದಿಗೆ ಬ್ರಷ್ ತೂರುವುದಿಲ್ಲ ಎನಿಸಿದರೆ ಬಾಯಿಯನ್ನು ಅರ್ಧ ಮುಚ್ಚಿ. ಪೂರ್ತಿ ತೆರೆದಾಗ ದವಡೆ ಮೂಳೆ ಮುಂದೆ ಬಂದು ಅಡ್ಡವಾಗುತ್ತದೆ. ಇದು ಕಿಟ್ಟ ಕಟ್ಟುವ ಎರಡನೇ ಜಾಗ.

5. ಕೊನೆಯ ಹಲ್ಲಿನ ಹಿಂಭಾಗ, ಜಗಿಯುವ ಮೇಲ್ಮೈ, ಕೊನೆಗೆ ನಾಲಿಗೆ. ಎಲ್ಲ ಸೇರಿ ಎರಡು ನಿಮಿಷ ಕಡಿಮೆಯಾಗಬಾರದು. ಮೊದಲ ವಾರ ಗಡಿಯಾರ ನೋಡಿಕೊಂಡೇ ಮಾಡಿ. ಎರಡು ನಿಮಿಷ ಎಷ್ಟು ದೀರ್ಘ ಎನ್ನುವುದು ಆಗಲೇ ತಿಳಿಯುವುದು.

6. ನೊರೆ ಉಗುಳಿ, ನೀರಿನಿಂದ ನಾಲ್ಕಾರು ಸಲ ಮುಕ್ಕಳಿಸಬೇಡಿ. ತೊಳೆದರೆ ಫ್ಲೋರೈಡೂ ಹೋಗುತ್ತದೆ. ಇದಕ್ಕೆ ಒಗ್ಗಿಕೊಳ್ಳಲು ಕೆಲವು ದಿನ ಬೇಕು. ಆಮೇಲೆ ನೀರು ಬಿಟ್ಟು ಬೇರೇನೂ ತಿನ್ನಬಾರದು, ಕುಡಿಯಬಾರದು.

ಹಲ್ಲುಗಳ ನಡುವಿನ ಜಾಗಕ್ಕೆ ಬ್ರಷ್ ಹೋಗುವುದೇ ಇಲ್ಲ, ವಸಡಿನ ಕಾಯಿಲೆ ಹೆಚ್ಚಾಗಿ ಶುರುವಾಗುವುದು ಅಲ್ಲೇ. ಹಲ್ಲುಗಳು ಒತ್ತಾಗಿದ್ದರೆ ಫ್ಲಾಸ್ ದಾರ ಬಳಸಿ. ಸುಮಾರು 45 ಸೆಂ.ಮೀ. ತುಂಡು ಮಾಡಿ ಎರಡೂ ಕೈಗಳ ನಡುಬೆರಳಿಗೆ ಸುತ್ತಿ, ಗರಗಸದಂತೆ ಮೆಲ್ಲಗೆ ಆಡಿಸುತ್ತ ಒಳಗಿಳಿಸಿ. ಒಮ್ಮೆಲೇ ಒತ್ತಿದರೆ ವಸಡು ಕೊಯ್ಯುತ್ತದೆ. ಒಳಗೆ ಹೋದ ಮೇಲೆ ದಾರವನ್ನು ಒಂದು ಹಲ್ಲಿಗೆ ಬಳಸಿ ತಬ್ಬಿಸಿ, ವಸಡಿನ ಅಂಚಿನ ತುಸು ಕೆಳಗಿನಿಂದ ಮೇಲಕ್ಕೆ ಉಜ್ಜಿ, ಪಕ್ಕದ ಹಲ್ಲಿಗೂ ಹಾಗೇ ಮಾಡಿ. ಸಂದು ಬಿದ್ದವರಿಗೆ ದಾರಕ್ಕಿಂತ ಇಂಟರ್‌ಡೆಂಟಲ್ ಬ್ರಷ್ ಹೆಚ್ಚು ಕೆಲಸ ಮಾಡುತ್ತದೆ. ನಡುವೆ ತಂತಿ, ಸುತ್ತ ಸಣ್ಣ ಎಳೆಗಳಿರುವ ಆ ಬ್ರಷ್ ಮೆಡಿಕಲ್ ಶಾಪಿನಲ್ಲಿ ಬೇರೆ ಬೇರೆ ಅಳತೆಯಲ್ಲಿ ಸಿಗುತ್ತದೆ. ಎಳೆಗಳು ಎರಡೂ ಬದಿ ತಾಗಬೇಕು, ತಂತಿ ಹಲ್ಲಿಗೆ ಉಜ್ಜಬಾರದು. ನಿಮ್ಮ ಅಳತೆ ಯಾವುದೆಂದು ದಂತವೈದ್ಯರಿಂದಲೇ ಒಮ್ಮೆ ಕೇಳಿ ತಿಳಿಯಿರಿ. ಸೇಫ್ಟಿ ಪಿನ್, ಬೆಂಕಿಕಡ್ಡಿ ಯಾವತ್ತೂ ಬೇಡ. ಕಾಲಿಗೆ ಆದ ಗಾಯ ಶುಗರ್ ಇರುವವರಿಗೆ ತಡವಾಗಿ ಮಾಯುವಂತೆ ವಸಡಿಗೆ ಆದದ್ದೂ ತಡವಾಗಿಯೇ ಮಾಯುತ್ತದೆ.

ಇದ್ದಿಲು, ಬೂದಿ, ಇಟ್ಟಿಗೆ ಪುಡಿ, ಹರಳುಪ್ಪು ಹಲ್ಲಿನ ಹೊರಪದರವನ್ನು ತೇಯುತ್ತವೆ. ವಸಡು ಇಳಿದು ಬೇರು ಹೊರಗೆ ಕಂಡವರಿಗಂತೂ ಬುಡದಲ್ಲಿ ಗುಳಿ ಬೀಳುತ್ತದೆ, ತಣ್ಣೀರು ಕುಡಿದರೆ ಜುಂ ಎನ್ನುತ್ತದೆ. ಬೇವಿನ ಕಡ್ಡಿಯನ್ನು ಚೆನ್ನಾಗಿ ಜಗಿದು ಮೆತ್ತಗೆ ಮಾಡಿಕೊಂಡರೆ ಹೊರಮೈಗೆ ತೊಂದರೆಯಿಲ್ಲ. ಆದರೆ ಅದರಲ್ಲಿ ಫ್ಲೋರೈಡ್ ಇಲ್ಲ, ಹಲ್ಲಿನ ಹಿಂಬದಿಗೂ ತಲುಪುವುದಿಲ್ಲ. ರೂಢಿಯಿದ್ದವರು ಬೆಳಿಗ್ಗೆ ಕಡ್ಡಿ, ರಾತ್ರಿ ಬ್ರಷ್ ಎಂದು ಇಟ್ಟುಕೊಳ್ಳಬಹುದು.

ಮೌತ್‌ವಾಶ್ ಬಗ್ಗೆ ಎರಡು ಮಾತು. 0.2 ಶೇಕಡಾ ಕ್ಲೋರ್‌ಹೆಕ್ಸಿಡಿನ್ ಒಳ್ಳೆಯ ಔಷಧ. 10 ಮಿ.ಲೀ. ಬಾಯಲ್ಲಿ ಒಂದು ನಿಮಿಷ ಆಡಿಸಿ ಉಗುಳಬೇಕು, ದಿನಕ್ಕೆ ಎರಡು ಸಲ. ಬ್ರಷ್ ಮಾಡಿದ ಅರ್ಧ ಗಂಟೆಯ ನಂತರ ಬಳಸಿ, ಪೇಸ್ಟಿನ ನೊರೆ ಅದರ ಶಕ್ತಿಯನ್ನು ಕುಂದಿಸುತ್ತದೆ. ವೈದ್ಯರು ಬೇರೆ ಹೇಳದ ಹೊರತು ಎರಡು ವಾರಕ್ಕಿಂತ ಹೆಚ್ಚು ಬೇಡ. ಹಲ್ಲು ಕಂದಾಗುತ್ತದೆ, ರುಚಿ ಕೆಡುತ್ತದೆ. ಯಾವ ಮೌತ್‌ವಾಶೂ ಕಿಟ್ಟ ಕರಗಿಸುವುದಿಲ್ಲ.

ದಂತವೈದ್ಯರ ಹತ್ತಿರ ಹೋಗುವಾಗ

ಬೆಳಗಿನ ಹೊತ್ತು ಅಪಾಯಿಂಟ್‌ಮೆಂಟ್ ತೆಗೆದುಕೊಳ್ಳಿ. ತಿಂಡಿ ತಿಂದು, ಮಾತ್ರೆ ಅಥವಾ ಇನ್ಸುಲಿನ್ ಎಂದಿನಂತೆ ತೆಗೆದುಕೊಂಡೇ ಹೋಗಿ. ಇನ್ಸುಲಿನ್ ಚುಚ್ಚಿಕೊಂಡು ತಿಂಡಿ ಬಿಟ್ಟು ಹೋಗುವುದೇ ದೊಡ್ಡ ಅಪಾಯ. ಮರಗಟ್ಟಿಸುವ ಇಂಜೆಕ್ಷನ್ನಿನ ಪರಿಣಾಮ ಎರಡು ಮೂರು ಗಂಟೆ ಇರುತ್ತದೆ, ಆಗ ಜಗಿದರೆ ತುಟಿ ಕೆನ್ನೆ ಕಚ್ಚಿಕೊಳ್ಳುತ್ತೀರಿ. ಊಟ ತಪ್ಪಿದರೆ ಶುಗರ್ ಇಳಿಯುತ್ತದೆ. ಮಧ್ಯಾಹ್ನದ ಊಟಕ್ಕೆ ಮುಂಚೆಯೇ ಮುಗಿಯುವಂತೆ ಹೊತ್ತು ನೋಡಿಕೊಳ್ಳಿ, ಗ್ಲೂಕೋಮೀಟರ್ ಜೊತೆಗಿಟ್ಟುಕೊಳ್ಳಿ. ಬೆವರು, ನಡುಕ, ತಲೆ ಸುತ್ತು ಬಂದು ಶುಗರ್ 70ಕ್ಕಿಂತ ಕೆಳಗಿದ್ದರೆ ಮೂರು ಚಮಚ ಸಕ್ಕರೆ ನೀರಿನಲ್ಲಿ ಕದಡಿ ಕುಡಿದು, 15 ನಿಮಿಷ ಬಿಟ್ಟು ಮತ್ತೆ ನೋಡಬೇಕು.

ಜೊತೆಗೆ ಒಯ್ಯಬೇಕಾದ್ದು: ಈಚಿನ ಎಚ್‌ಬಿಎ1ಸಿ ವರದಿ ಮತ್ತು ನೀವು ನುಂಗುವ ಎಲ್ಲ ಮಾತ್ರೆಗಳ ಪಟ್ಟಿ. ಪಟ್ಟಿ ಬರೆಯುವುದು ಕಷ್ಟವಾದರೆ ಮಾತ್ರೆಗಳ ಪಟ್ಟೆಗಳನ್ನೇ ಚೀಲದಲ್ಲಿ ಹಾಕಿಕೊಂಡು ಹೋಗಿ. ಇದು ಬರೀ ಶಾಸ್ತ್ರಕ್ಕಲ್ಲ. ಬಿಪಿಗೆ ಕೊಡುವ ಆಮ್ಲೊಡಿಪಿನ್ ಕೆಲವರಲ್ಲಿ ವಸಡನ್ನು ಹಲ್ಲಿನ ಮೇಲೆ ಬೆಳೆಯುವಂತೆ ಮಾಡುತ್ತದೆ. ಗೊತ್ತಾದರೆ ವೈದ್ಯರು ಬೇರೆ ಮಾತ್ರೆ ಕೊಡಬಲ್ಲರು. ಆಸ್ಪಿರಿನ್, ಕ್ಲೋಪಿಡೊಗ್ರೆಲ್‌ನಂಥ ರಕ್ತ ತೆಳು ಮಾಡುವ ಮಾತ್ರೆಯನ್ನು ಹಲ್ಲು ಕೀಳಿಸಲು ಎಂದು ನೀವಾಗಿಯೇ ನಿಲ್ಲಿಸಬೇಡಿ. ಸ್ಟೆಂಟ್ ಹಾಕಿಸಿಕೊಂಡವರಿಗೆ ಅದು ಪ್ರಾಣಕ್ಕೆ ಬರಬಹುದು, ಹಲ್ಲಿನ ಜಾಗದ ರಕ್ತವನ್ನು ಅಲ್ಲೇ ಒತ್ತಿ ನಿಲ್ಲಿಸಬಹುದು. ಹೃದಯದಲ್ಲಿ ಕೃತಕ ಕವಾಟ ಇದ್ದರೆ ಅಥವಾ ಹಿಂದೆ ಹೃದಯದ ಒಳಪದರಕ್ಕೆ ಸೋಂಕು ಆಗಿದ್ದರೆ ಮೊದಲ ಮಾತಿನಲ್ಲೇ ಹೇಳಿ. ಚಿಕಿತ್ಸೆಗೆ 30ರಿಂದ 60 ನಿಮಿಷ ಮುಂಚೆ ಆಂಟಿಬಯಾಟಿಕ್ ಒಂದು ಡೋಸ್ ಬೇಕಾಗುತ್ತದೆ. ಮೈಯ ಮೂಳೆಗಳ ಸವೆತಕ್ಕೆ (ಆಸ್ಟಿಯೊಪೊರೋಸಿಸ್) ಝೋಲೆಡ್ರಾನಿಕ್ ಆಸಿಡ್ ಅಥವಾ ಡೆನೋಸುಮ್ಯಾಬ್ ಚುಚ್ಚುಮದ್ದು ಹೇಳಿದ್ದರೆ ಅದು ಶುರುವಾಗುವ ಮುನ್ನವೇ ಕೆಟ್ಟ ಹಲ್ಲುಗಳ ಕೆಲಸ ಮುಗಿಸಿಬಿಡಿ. ಆಮೇಲೆ ಹಲ್ಲು ಕಿತ್ತರೆ ದವಡೆ ಮೂಳೆ ಮಾಯದೇ ಉಳಿಯುವ ಭಯವಿದೆ.

ವೈದ್ಯರು ಅಳತೆಯ ಗುರುತಿರುವ ತೆಳು ಕಡ್ಡಿಯಿಂದ ಪ್ರತಿ ಹಲ್ಲಿನ ಸುತ್ತ ಆರು ಕಡೆ ಆಳ ನೋಡಬೇಕು. ಮೊದಲ ಭೇಟಿಯಲ್ಲಿ ಅದನ್ನು ಮಾಡದಿದ್ದರೆ ನೀವೇ ಕೇಳಿ: ‘ಡಾಕ್ಟ್ರೇ, ನನ್ನ ವಸಡಿನ ಆಳ ಎಷ್ಟಿದೆ, ಬರೆದುಕೊಡ್ತೀರಾ?’ ಆ ಅಂಕಿಗಳು ಇಲ್ಲದೆ ಚಿಕಿತ್ಸೆಯ ನಂತರ ಗುಣವಾಯಿತೇ ಇಲ್ಲವೇ ಹೇಳುವುದು ಹೇಗೆ? ಮೇಲಿನ ಕಿಟ್ಟ ತೆಗೆಯುವುದು ಸ್ಕೇಲಿಂಗ್. ಜೇಬು ಆಳವಾಗಿದ್ದರೆ ಮರಗಟ್ಟಿಸಿ ಬೇರಿನ ಮೈಯನ್ನೂ ಸ್ವಚ್ಛ ಮಾಡುತ್ತಾರೆ, ಅದಕ್ಕೆ ಎರಡರಿಂದ ನಾಲ್ಕು ಭೇಟಿ ಬೇಕಾಗಬಹುದು.

‘ಕ್ಲೀನಿಂಗ್ ಮಾಡಿಸಿದ ಮೇಲೆ ಹಲ್ಲು ಸಡಿಲವಾಯ್ತು, ಸಂದು ಬಿತ್ತು’ ಎಂಬ ದೂರು ಬಹಳ ಕೇಳಿಬರುತ್ತದೆ. ಆ ಸಂದು ಮೊದಲೇ ಇತ್ತು, ಕಿಟ್ಟ ತುಂಬಿಕೊಂಡು ಮುಚ್ಚಿತ್ತು. ಊದಿದ ವಸಡು ಇಳಿದಾಗ ಹಲ್ಲು ಉದ್ದ ಕಾಣುತ್ತದೆ. ತಣ್ಣನೆಯದಕ್ಕೆ ಜುಮ್ಮೆನ್ನುವುದು ಒಂದೆರಡು ವಾರದಲ್ಲಿ ಕಡಿಮೆಯಾಗುತ್ತದೆ. ಸೆನ್ಸಿಟಿವ್ ಪೇಸ್ಟ್ ಬಳಸಿದರೆ ಬೇಗ. ಈ ಭಯಕ್ಕೆ ಚಿಕಿತ್ಸೆ ಅರ್ಧಕ್ಕೆ ಬಿಟ್ಟವರು ಕೊನೆಗೆ ಹಲ್ಲನ್ನೇ ಕಳೆದುಕೊಳ್ಳುತ್ತಾರೆ.

ಆರರಿಂದ ಎಂಟು ವಾರದ ಮೇಲೆ ಮತ್ತೆ ಆಳ ನೋಡಿಸಿ. ಆಮೇಲೆ ಮೂರು ನಾಲ್ಕು ತಿಂಗಳಿಗೊಮ್ಮೆ ಹೋಗುತ್ತಿರಬೇಕು. ಎಚ್‌ಬಿಎ1ಸಿಯನ್ನು ಮೂರು ತಿಂಗಳ ನಂತರ ಮಾಡಿಸಿ, ಅದಕ್ಕೂ ಮುಂಚೆ ಮಾಡಿಸಿದರೆ ಹಳೆಯ ಲೆಕ್ಕವೂ ಬೆರೆತು ಬರುತ್ತದೆ. ಶುಗರ್ ತೀರಾ ಮೇಲಿದ್ದರೆ ತುರ್ತಲ್ಲದ ಹಲ್ಲು ಕೀಳಿಸುವುದನ್ನು ಮುಂದೂಡುತ್ತಾರೆ. ಆದರೆ ಕೀವು ತುಂಬಿದ್ದರೆ ಶುಗರ್ ಇಳಿಯಲಿ ಎಂದು ಕಾಯುವಂತಿಲ್ಲ, ಆ ಕೀವೇ ಶುಗರ್ ಇಳಿಯಗೊಡುವುದಿಲ್ಲ.

ನೋವು ಬಂದಾಗ ಮೆಡಿಕಲ್ ಶಾಪಿನಲ್ಲಿ ಎರಡು ದಿನದ ಆಂಟಿಬಯಾಟಿಕ್ ಕೇಳಿ ತರುವುದು ನಮ್ಮಲ್ಲಿ ದೊಡ್ಡ ಪಿಡುಗು. ನೋವು ತಗ್ಗುತ್ತದೆ, ಕೀವಿನ ಮೂಲ ಹಾಗೇ ಉಳಿದು ತಿಂಗಳೊಪ್ಪತ್ತಿನಲ್ಲಿ ಮರಳುತ್ತದೆ. ಕಿಡ್ನಿ ತೊಂದರೆ ಇರುವ ಶುಗರಿನವರು ಐಬುಪ್ರೊಫೆನ್, ಡೈಕ್ಲೊಫೆನಾಕ್ ಮಾತ್ರೆಗಳನ್ನು ಕೇಳದೆ ನುಂಗಬಾರದು. ಸಾಮಾನ್ಯವಾಗಿ ಪ್ಯಾರಾಸಿಟಮಾಲ್ ಮೇಲು. ಲವಂಗದ ಎಣ್ಣೆಯನ್ನು ಹತ್ತಿಯಲ್ಲಿ ಅದ್ದಿ ಗಂಟೆಗಟ್ಟಲೆ ಇಟ್ಟರೂ, ಆಸ್ಪಿರಿನ್ ಮಾತ್ರೆಯನ್ನು ವಸಡಿಗೆ ಒತ್ತಿಟ್ಟರೂ ಒಳಚರ್ಮ ಸುಟ್ಟು ಬೆಳ್ಳಗಾಗುತ್ತದೆ.

ಊಟ, ಒಣ ಬಾಯಿ, ಅಡಿಕೆ

ಹಲ್ಲು ಹುಳುಕಾಗುವುದು ಎಷ್ಟು ಸಿಹಿ ತಿಂದಿರಿ ಎನ್ನುವುದಕ್ಕಿಂತ ಎಷ್ಟು ಸಲ ತಿಂದಿರಿ ಎನ್ನುವುದರಿಂದ. ಒಂದು ತುತ್ತು ಸಿಹಿ ಬಿದ್ದರೂ ಬಾಯಿ ಆಮ್ಲವಾಗುತ್ತದೆ, ಮತ್ತೆ ಸರಿಹೋಗಲು ಅರ್ಧ ಗಂಟೆಯಿಂದ ಒಂದು ಗಂಟೆ ಬೇಕು. ಗಂಟೆಗೊಮ್ಮೆ ಸಕ್ಕರೆ ಹಾಕಿದ ಅರ್ಧ ಲೋಟ ಟೀ, ಜೊತೆಗೊಂದು ಬಿಸ್ಕತ್ತು ಆದರೆ ಬಾಯಿಗೆ ಬಿಡುವೇ ಸಿಗುವುದಿಲ್ಲ. ರಸ್ಕು, ಬಿಸ್ಕತ್ತು ಸಿಹಿ ಕಡಿಮೆ ಎನಿಸಿದರೂ ಹಲ್ಲಿಗೆ ಅಂಟಿ ಕೂರುತ್ತವೆ.

ಹಲ್ಲು ಹೋದಂತೆ ತಟ್ಟೆಯೂ ಬದಲಾಗುತ್ತದೆ. ಜೋಳದ ರೊಟ್ಟಿ, ಕೋಸಂಬರಿ, ಹಸಿ ತರಕಾರಿ, ಸೀಬೆಹಣ್ಣು, ಕಡಲೆಕಾಯಿ ಬಿಟ್ಟುಹೋಗಿ ಮೆತ್ತನೆಯ ಅನ್ನ, ಬ್ರೆಡ್ಡು, ಟೀಯಲ್ಲಿ ಅದ್ದಿದ ಬಿಸ್ಕತ್ತು ಉಳಿಯುತ್ತದೆ. ಶುಗರ್ ಏರಿಸುವುದು ಇದೇ. ಸಾಮಾನ್ಯ ಊಟ ಜಗಿಯಲು ಕನಿಷ್ಠ 20 ಹಲ್ಲು ಬೇಕು ಎನ್ನುವುದು ಲೆಕ್ಕ. ಎಂಬತ್ತರ ವಯಸ್ಸಿನಲ್ಲಿ ಇಪ್ಪತ್ತು ಹಲ್ಲು ಉಳಿಸಿಕೊಳ್ಳಿ ಎಂದು ಜಪಾನ್ 1989ರಲ್ಲೇ ಅಭಿಯಾನ ಶುರುಮಾಡಿತು. ಹಲ್ಲು ಕಟ್ಟಿಸುವವರೆಗೆ ಕ್ಯಾರೆಟ್, ಸೌತೆಕಾಯಿ ತುರಿದುಕೊಡಿ, ಹೆಸರುಬೇಳೆಯನ್ನು ಚೆನ್ನಾಗಿ ನೆನೆಸಿ, ಕಡಲೆಕಾಯಿ ಪುಡಿ ಮಾಡಿ ಪಲ್ಯಕ್ಕೆ ಉದುರಿಸಿ, ಸೊಪ್ಪನ್ನು ಮಸ್ಸೊಪ್ಪು ಮಾಡಿ. ಜಗಿಯಲಾಗದು ಎಂದು ತರಕಾರಿಯನ್ನೇ ತಟ್ಟೆಯಿಂದ ತೆಗೆಯಬೇಡಿ.

ಬಾಯಿ ಒಣಗುವವರು ಆಗಾಗ ಗುಟುಕು ನೀರು ಕುಡಿಯಬೇಕು, ಸಕ್ಕರೆಯಿಲ್ಲದ ಚೂಯಿಂಗ್ ಗಮ್ ಜಗಿಯಬಹುದು. ಪೆಪ್ಪರ್‌ಮೆಂಟ್ ಚೀಪುವುದು ತಪ್ಪು. ಅಲರ್ಜಿ, ಖಿನ್ನತೆಯ ಕೆಲವು ಮಾತ್ರೆಗಳೂ ಬಾಯಿ ಒಣಗಿಸುತ್ತವೆ. ಬಾಯಿ ಒಣಗಿ, ನಾಲಿಗೆ ಉರಿದು, ಮೇಲೆ ಬಿಳಿ ಪದರ ಕಟ್ಟಿದ್ದರೆ ಅದು ಫಂಗಸ್ ಇರಬಹುದು, ಅದಕ್ಕೆ ಬೇರೆ ಔಷಧವಿದೆ.

ಅಡಿಕೆಯ ವಿಷಯ ಹೇಳುವುದು ನಮ್ಮ ರಾಜ್ಯದಲ್ಲಿ ಸುಲಭವಲ್ಲ. ದೇಶದಲ್ಲೇ ಹೆಚ್ಚು ಅಡಿಕೆ ಬೆಳೆಯುವವರು ನಾವು, ತಾಂಬೂಲವಿಲ್ಲದೆ ಮಂಗಳ ಕಾರ್ಯವಿಲ್ಲ. ಆದರೂ ಹೇಳಬೇಕು: ಹೊಗೆಸೊಪ್ಪು ಸೇರದಿದ್ದರೂ ಅಡಿಕೆ ಕ್ಯಾನ್ಸರ್‌ಕಾರಕ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ವರ್ಗೀಕರಿಸಿದೆ. ದಿನಾ ಜಗಿದರೆ ಕೆನ್ನೆಯ ಒಳಮೈ ನಾರುಗಟ್ಟಿ ಬಿಗಿಯುತ್ತದೆ. ಖಾರ ತಾಳದಂತಾಗುವುದು ಮೊದಲ ಲಕ್ಷಣ, ಆಮೇಲೆ ಬಾಯಿ ತೆರೆಯುವುದು ಕಡಿಮೆಯಾಗುತ್ತದೆ. ನಿಮ್ಮದೇ ಮೂರು ಬೆರಳುಗಳನ್ನು ಒಂದರ ಮೇಲೊಂದು ನಿಲ್ಲಿಸಿ ಮೇಲಿನ ಮತ್ತು ಕೆಳಗಿನ ಮುಂದಿನ ಹಲ್ಲುಗಳ ನಡುವೆ ಇಟ್ಟು ನೋಡಿ. ಮೂರೂ ಹಿಡಿಯದಿದ್ದರೆ ಅಂದೇ ಜಗಿಯುವುದನ್ನು ನಿಲ್ಲಿಸಿ ವೈದ್ಯರಿಗೆ ತೋರಿಸಿ. ನಾರುಗಟ್ಟಿದ್ದು ಪೂರ್ತಿ ಮೊದಲಿನಂತಾಗುವುದಿಲ್ಲ, ಆದರೆ ಮುಂದುವರಿಯುವುದನ್ನು ತಡೆಯಬಹುದು. ಬೀಡಿ, ಸಿಗರೇಟು ಸೇದುವವರಿಗೆ ವಸಡಿನಲ್ಲಿ ರಕ್ತವೇ ಕಾಣದಿರಬಹುದು, ನಿಕೋಟಿನ್ ರಕ್ತನಾಳಗಳನ್ನು ಕುಗ್ಗಿಸುತ್ತದೆ. ರಕ್ತ ಬರುತ್ತಿಲ್ಲವೆಂದು ಅವರು ನಿಶ್ಚಿಂತೆಯಾಗಿರುವಂತಿಲ್ಲ.

ಹಲ್ಲು ಸೆಟ್ಟು, ಹಾಸಿಗೆ ಹಿಡಿದ ಹಿರಿಯರು

ಹಲ್ಲು ಸೆಟ್ಟನ್ನು ರಾತ್ರಿ ತೆಗೆದಿಡಲೇಬೇಕು. ಜಪಾನಿನಲ್ಲಿ 85 ದಾಟಿದವರನ್ನು ಗಮನಿಸಿದಾಗ ಸೆಟ್ಟು ಹಾಕಿಕೊಂಡೇ ಮಲಗುವವರಲ್ಲಿ ನ್ಯುಮೋನಿಯಾ ಎರಡು ಪಟ್ಟಿಗಿಂತ ಹೆಚ್ಚು ಕಂಡುಬಂತು. ಬಕೆಟ್ಟಿನಲ್ಲಿ ನೀರು ತುಂಬಿಸಿ ಅದರ ಮೇಲೆ ಹಿಡಿದು ತೊಳೆಯಿರಿ, ಕೈಜಾರಿದರೂ ಒಡೆಯದು. ಮೆತ್ತನೆಯ ಬ್ರಷ್, ಸಾಧಾರಣ ಸೋಪು ಸಾಕು. ಪೇಸ್ಟ್ ಅದನ್ನು ಗೀರುತ್ತದೆ, ಕುದಿ ನೀರು ಸೊಟ್ಟ ಮಾಡುತ್ತದೆ. ತೊಳೆದ ಮೇಲೆ ತಣ್ಣೀರಿನಲ್ಲಿ ಮುಳುಗಿಸಿಡಿ, ಒಣಗಿದರೆ ಅಳತೆ ಕೆಡುತ್ತದೆ. ಸೆಟ್ಟು ಒತ್ತಿ ಹುಣ್ಣಾದರೆ ತೆಗೆದಿಡಿ, ವೈದ್ಯರ ಹತ್ತಿರ ಹೋಗುವ ಕೆಲವು ಗಂಟೆ ಮುಂಚೆ ಮಾತ್ರ ಹಾಕಿಕೊಳ್ಳಿ. ಎಲ್ಲಿ ಒತ್ತುತ್ತಿದೆ ಎಂಬುದು ಅವರಿಗೆ ಆಗಲೇ ಕಾಣುವುದು. ಮನೆಯಲ್ಲಿ ಅರದಿಂದ ಉಜ್ಜಬೇಡಿ. ಬಿಪಿಎಲ್ ಕುಟುಂಬದ ಹಿರಿಯರಿಗೆ ಉಚಿತವಾಗಿ ಸೆಟ್ಟು ಕೊಡಲೆಂದು ಕರ್ನಾಟಕ ಸರ್ಕಾರ ದಂತ ಭಾಗ್ಯ ಯೋಜನೆ ತಂದಿದೆ. ವಯಸ್ಸು, ದಾಖಲೆಗಳ ವಿವರವನ್ನು ತಾಲ್ಲೂಕು ಆಸ್ಪತ್ರೆಯ ದಂತ ವಿಭಾಗದಲ್ಲಿ ಕೇಳಿ.

ಪಾರ್ಶ್ವವಾಯುವಾಗಿ ಮಲಗಿದ ಅಮ್ಮನಿಗೋ ಅಜ್ಜನಿಗೋ ಬಾಯಿ ಸ್ವಚ್ಛ ಮಾಡುವಾಗ ಎಲ್ಲಕ್ಕಿಂತ ಮುಖ್ಯ, ನೀರು ಶ್ವಾಸಕೋಶಕ್ಕೆ ಇಳಿಯದಂತೆ ನೋಡಿಕೊಳ್ಳುವುದು. ತಲೆ ಕಡೆ ದಿಂಬಿಟ್ಟು ಅರ್ಧ ಕೂರಿಸಿ, ಮುಖವನ್ನು ಒಂದು ಬದಿಗೆ ತಿರುಗಿಸಿ, ಗಲ್ಲದ ಕೆಳಗೆ ಟವೆಲ್ ಹಾಸಿ. ‘ಬಾಯಿ ಸ್ವಚ್ಛ ಮಾಡ್ತೀನಮ್ಮ’ ಎಂದು ಹೇಳಿಯೇ ಶುರುಮಾಡಿ, ಅರಿವು ಕಡಿಮೆ ಇದ್ದರೂ ಹೇಳಿ. ಮಕ್ಕಳ ಮೆತ್ತನೆಯ ಬ್ರಷ್ಷನ್ನು ನೀರಿಗೆ ಅದ್ದಿ ಕೊಡವಿ, ಅಕ್ಕಿ ಕಾಳಿನಷ್ಟು ಪೇಸ್ಟ್ ಹಚ್ಚಿ. ಕೆನ್ನೆಯ ಸಂದಿನಲ್ಲಿ ತುತ್ತು ಉಳಿದಿರುತ್ತದೆ, ಸ್ವಾಧೀನವಿಲ್ಲದ ಬದಿಯಲ್ಲಂತೂ ಖಂಡಿತ. ಮೊದಲು ಅದನ್ನು ತೆಗೆಯಿರಿ. ಹಲ್ಲುಗಳ ನಡುವೆ ನಿಮ್ಮ ಬೆರಳು ಇಡಬೇಡಿ, ಅರಿವಿಲ್ಲದೆ ಕಚ್ಚಿಬಿಡುತ್ತಾರೆ. ಇನ್ನೊಂದು ಬ್ರಷ್ಷಿನ ದಪ್ಪ ಹಿಡಿಯನ್ನು ದವಡೆ ಹಲ್ಲುಗಳ ನಡುವೆ ಇಟ್ಟು ತೆರೆದಿಡಬಹುದು. ಉಜ್ಜಿದ ಮೇಲೆ ಹಿಂಡಿದ ಗಾಜ್ ಬಟ್ಟೆಯಿಂದ ನೊರೆ ಒರೆಸಿ. ಎಷ್ಟು ತುಂಡು ಒಳಗೆ ಹೋಯಿತು, ಎಷ್ಟು ಹೊರಬಂತು ಎಣಿಸಿಕೊಳ್ಳಿ. ಲೋಟದಿಂದ ಬಾಯಿಗೆ ನೀರು ಸುರಿಯಬಾರದು. ಮೂಗಿನ ನಳಿಕೆಯಲ್ಲಿ ಆಹಾರ ಕೊಡುತ್ತಿದ್ದರೂ ದಿನಕ್ಕೆ ಎರಡು ಸಲ ಇದನ್ನು ಮಾಡಬೇಕು. ಬಾಯಿಂದ ಉಣ್ಣುತ್ತಿಲ್ಲವಲ್ಲ ಎಂದು ಬಿಟ್ಟರೆ ಅಲ್ಲಿ ಬೆಳೆದ ಬ್ಯಾಕ್ಟೀರಿಯಾ ಜೊಲ್ಲಿನ ಜೊತೆ ಶ್ವಾಸಕೋಶಕ್ಕೆ ಇಳಿಯುತ್ತದೆ.

ಕಾಯದೆ ಆಸ್ಪತ್ರೆಗೆ ಓಡಬೇಕಾದದ್ದು

ಹಲ್ಲು ನೋವಿನ ಜೊತೆ ಗಲ್ಲದ ಕೆಳಗೆ ಅಥವಾ ಕುತ್ತಿಗೆಗೆ ಊತ ಇಳಿಯುತ್ತಿದ್ದರೆ, ನಾಲಿಗೆ ಮೇಲಕ್ಕೆ ಎತ್ತಿಕೊಂಡಂತಾಗಿ ಜೊಲ್ಲು ನುಂಗಲಾಗದಿದ್ದರೆ, ಮಾತು ಮುದ್ದೆಯಾಗುತ್ತಿದ್ದರೆ, ಉಸಿರಿಗೆ ಕಷ್ಟವಾದರೆ ಅದು ಪ್ರಾಣಾಪಾಯ. ಸೋಂಕು ಕೆಲವೇ ಗಂಟೆಗಳಲ್ಲಿ ಶ್ವಾಸದ ದಾರಿ ಮುಚ್ಚಬಲ್ಲದು. ಮಧ್ಯರಾತ್ರಿಯಾದರೂ ಕ್ಲಿನಿಕ್ಕಿಗಲ್ಲ, ತುರ್ತು ಚಿಕಿತ್ಸೆ ಇರುವ ದೊಡ್ಡ ಆಸ್ಪತ್ರೆಗೆ ಹೋಗಬೇಕು. ವಾಹನವಿಲ್ಲದಿದ್ದರೆ 108ಕ್ಕೆ ಕರೆ ಮಾಡಿ. ಕಣ್ಣಿನ ಸುತ್ತ ಊತ ಏರುತ್ತಿದ್ದರೂ, ಜ್ವರ ಚಳಿಯ ಜೊತೆ ಬಾಯಿ ಎರಡು ಬೆರಳೂ ತೆರೆಯದಂತಾದರೂ ಹಾಗೇ. ಶುಗರ್ ಇರುವವರಲ್ಲಿ ಮೇಲಿನ ದವಡೆಯಲ್ಲಿ ನೋವಿದ್ದು, ಅಂಗುಳಿನ ಮೇಲೆ ಕಪ್ಪು ಮಚ್ಚೆ ಕಂಡರೆ ಅಥವಾ ಮೂಗಿನಿಂದ ಕಪ್ಪಗಿನ ಸ್ರಾವ ಬಂದರೆ ಕಪ್ಪು ಫಂಗಸ್ ಇರಬಹುದು, ಅದೇ ದಿನ ಕಿವಿ-ಮೂಗು-ಗಂಟಲು ತಜ್ಞರಿರುವ ಆಸ್ಪತ್ರೆಗೆ ಕರೆದೊಯ್ಯಿರಿ. ಬಿಸಿ ಬಟ್ಟೆಯ ಕಾವು ಕೊಡುತ್ತ ಬೆಳಗಾಗಲಿ ಎಂದು ಕಾಯಬೇಡಿ. ಆಸ್ಪತ್ರೆಯಲ್ಲಿ ಶುಗರ್ ಇದೆ ಎಂದು ಮೊದಲೇ ಹೇಳಿ, ಕೊನೆಯ ಸಲ ಯಾವಾಗ ಉಂಡದ್ದು, ಇನ್ಸುಲಿನ್ ಎಷ್ಟು ತೆಗೆದುಕೊಂಡದ್ದು ಎಂಬುದನ್ನೂ ತಿಳಿಸಿ.